‘ಎಲ್ಲಿಗ್ ಹೋಪ್ದ್?’

ಬೈಂದೂರಿನ ಬಸ್ ನಿಲ್ದಾಣದಲ್ಲಿ ಪರಿಚಿತರಿಬ್ಬರು ಎದುರಾದರೆ ಮೊದಲು ಹೊರಡುವ ಮಾತು ನಮಸ್ಕಾರವಲ್ಲ, ಪ್ರಶ್ನೆ. “ಹ್ವಾಯ್, ಎಲ್ಲಿಗ್ ಹೊರ್ಟದ್ದ್?” ಕೇಳಿದವನಿಗೆ ಊರಿನ ಹೆಸರೇನೂ ಬೇಕಿಲ್ಲ. “ಇಲ್ಲೇ, ಪ್ಯಾಟಿಗೆ” ಎಂದರೆ ಇಬ್ಬರಿಗೂ ತೃಪ್ತಿ. ಹೊರಗಿನವರಿಗೆ ಇದು ಅನ್ಯರ ವಿಷಯದಲ್ಲಿ ತಲೆಹಾಕಿದಂತೆ ತೋರೀತು. ನಿಜದಲ್ಲಿ ಅದು ಕುಶಲ ವಿಚಾರಿಸುವ ರೀತಿ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕುಂದಗನ್ನಡದಲ್ಲಿ ಈ ಒಂದು ಪ್ರಶ್ನೆಗೆ ಮೂರು ರೂಪಗಳಿವೆ. ಓರಗೆಯ ಗೆಳೆಯನಿಗೆ “ಎಲ್ಲಿಗ್ ಹೋತೆ?” ಹಿರಿಯರಿಗೆ “ಎಲ್ಲಿಗ್ ಹೋತ್ರಿ?” ಮೂರನೆಯದು “ಎಲ್ಲಿಗ್ ಹೋಪ್ದ್?” ಎಂಬುದು. ಇದರಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಹೋಗುವ ಕ್ರಿಯೆಯೊಂದೇ ಇದೆ. ‘ಹೋಗುವುದು’ ಎಂಬುದರ ಸ್ಥಾನದಲ್ಲಿ ನಿಂತಿರುವ ‘ಹೋಪ್ದ್’ ಎಂಬ ಪದವನ್ನು ಅಪಭ್ರಂಶವೆಂದು ನಗುವವರುಂಟು. ಆದರೆ ಹಳಗನ್ನಡದ ‘ಪೋಪ’, ‘ಬರ್ಪ’ ಎಂಬ ರೂಪಗಳನ್ನು ಓದಿದವರು ನಗಲಾರರು. ಗ್ರಂಥಭಾಷೆ ಬಿಟ್ಟುಕೊಟ್ಟ ಪಕಾರವನ್ನು ಈ ಕರಾವಳಿ ‘ಹೋಪ’, ‘ಬಪ್ಪ’ ಎಂದು ಉಳಿಸಿಕೊಂಡಿದೆ. ಪದಾಂತ್ಯದ ಉಕಾರವನ್ನು ಮಾತ್ರ ನುಂಗಿದೆ.

ಈ ಮೂರನೆಯ ರೂಪಕ್ಕೆ ಇನ್ನೊಂದು ಬೆಲೆಯೂ ಇದೆ. ಗೆಳೆಯರ ನಡುವಣ ಏಕವಚನ ಸಲಿಗೆಯ ಕುರುಹು, ಅಲ್ಲಿ ಬಹುವಚನ ಬಳಸಿದರೆ “ಎಂತ ಮಾರಾಯ, ಸಿಟ್ಟಾ?” ಎಂದು ಕೇಳಿಯಾರು. ಅದೇ ಏಕವಚನವನ್ನು, ಹಿಂದಿನ ದಿನಗಳಲ್ಲಿ, ಒಡೆಯರ ಮನೆಯ ಎಳೆಯ ಮಗುವೂ ಗದ್ದೆಯಲ್ಲಿ ದುಡಿಯುವ ನರೆಗೂದಲಿನ ಹಿರಿಯನಿಗೆ ಬಳಸುತ್ತಿದ್ದುದುಂಟು. ಅದು ಸಲಿಗೆಯಲ್ಲ, ಆ ಹಿರಿಯನಿಗೆ ತಿರುಗಿ ಹಾಗೆ ಕರೆಯುವ ಹಕ್ಕಿರಲಿಲ್ಲ. ಯಾರಿಗೆ ಯಾವ ವಚನ ಎಂಬ ಇಕ್ಕಟ್ಟಿನಲ್ಲಿ “ಹೋಪ್ದ್”, “ಬಂದದ್ದ್” ಎಂಬ ರೂಪಗಳು ಯಾರನ್ನೂ ಕೆಳಗಿಡದೆ ಮಾತನ್ನು ಸಾಗಿಸುತ್ತವೆ.

ದೂರದ ಜಪಾನೀ ಭಾಷೆಯಲ್ಲಿಯೂ ಇಂತಹ ಎಚ್ಚರವಿದೆ. ಅಲ್ಲಿ ಗೆಳೆಯನಿಗೆ “ದೊಕೊ ಎ ಇಕು?”, ಗೌರವಕ್ಕೆ “ದೊಕೊ ಎ ಇಕಿಮಸು ಕಾ?” ಎನ್ನುತ್ತಾರೆ. ಎರಡರಲ್ಲಿಯೂ ‘ನೀನು’, ‘ನೀವು’ ಎಂಬ ಪದವಿಲ್ಲ. ಕ್ರಿಯಾಪದದ ತುದಿಯೇ ಮರ್ಯಾದೆಯನ್ನು ಹೊರುತ್ತದೆ. ಇದಕ್ಕಿಂತ ಸ್ವಾರಸ್ಯಕರವಾದುದು ನೆರೆಯವರ “ಹೊರಟಿರಾ?” ಎಂಬರ್ಥದ ಪ್ರಶ್ನೆಗೆ ಅವರು ಕೊಡುವ ಉತ್ತರ: “ಚೊತ್ತೊ ಸೊಕೊ ಮಾದೆ”, ಎಂದರೆ ‘ಇಲ್ಲೇ ಸ್ವಲ್ಪ ಅಲ್ಲಿಯವರೆಗೆ’. ಬೈಂದೂರಿನ “ಇಲ್ಲೇ, ಪ್ಯಾಟಿಗೆ” ಎಂಬುದಕ್ಕೂ ಇದಕ್ಕೂ ಎಷ್ಟು ದೂರ?

ನೆರವು ಕೇಳುವಾಗ ಕುಂದಗನ್ನಡ ಇನ್ನೂ ಮೃದುವಾಗುತ್ತದೆ. ಸ್ನೇಹಿತನಿಗೆ “ಬತ್ಯಾ?” ಎಂದರೆ ಸಾಕು. ಸಂಕೋಚವಿದ್ದಲ್ಲಿ “ಒಂಚೂರ್ ಬಪ್ಪುಕ್ ಆತ್ತಾ?” ಎಂದು ಕೇಳುತ್ತಾರೆ. ಬರಲು ಆಗುವುದೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾದುದರಿಂದ, ಇಲ್ಲವೆನ್ನುವವನಿಗೂ ಮುಜುಗರವಿಲ್ಲ.

ಬೆಂಗಳೂರು, ಮುಂಬಯಿಗಳಿಗೆ ಹೋಟೆಲು ಕೆಲಸಕ್ಕೆಂದೋ ಓದಿಗೆಂದೋ ಹೋದ ಈ ಸೀಮೆಯ ಹುಡುಗರು ಅಪಹಾಸ್ಯಕ್ಕೆ ಅಂಜಿ “ಎಂತಕ್” ಎಂಬುದನ್ನು “ಯಾಕೆ” ಎಂದೂ, “ಹೋಪ್ದ್” ಎಂಬುದನ್ನು “ಹೋಗೋದು” ಎಂದೂ ಬೇಗನೆ ತಿದ್ದಿಕೊಳ್ಳುತ್ತಾರೆ. ಆದರೂ ಜನಜಂಗುಳಿಯಲ್ಲಿ ಯಾರೋ “ಹ್ವಾಯ್, ಏಗಳ್ ಬಂದದ್ದ್?” ಎಂದರೆ, ಪ್ರಶ್ನೆ ತಮಗಲ್ಲದಿದ್ದರೂ, ಅವರ ತಲೆ ಥಟ್ಟನೆ ಆ ಕಡೆ ತಿರುಗುತ್ತದೆ.