ಮಿಲಾನ್ ಬಿಟ್ಟು ಹೋಗದ ನಾಯಕ

1995ರಲ್ಲಿ ಇಟಲಿಯ ಇಂಟರ್ ಮಿಲಾನ್ ಕ್ಲಬ್ ಅರ್ಜೆಂಟೀನಾದಿಂದ ಇಬ್ಬರನ್ನು ಕರೆತಂದಿತು. ಎಲ್ಲರ ಕಣ್ಣಿದ್ದದ್ದು ಗೋಲು ಹೊಡೆಯುವ ಸೆಬಾಸ್ಟಿಯನ್ ರಾಂಬರ್ಟ್ ಮೇಲೆ. ಜೊತೆಯಲ್ಲಿ ಬಂದ ಡಿಫೆಂಡರ್ ಹವಿಯೆರ್ ಜಾನೆಟ್ಟಿ ಯಾರೆಂದು ಮಿಲಾನ್ ಜನಕ್ಕೆ ಗೊತ್ತಿರಲಿಲ್ಲ. ರಾಂಬರ್ಟ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಕ್ಲಬ್ ಬಿಟ್ಟರು. ಜಾನೆಟ್ಟಿ 2014ರವರೆಗೆ ಇಂಟರ್ ಪರ ಆಡಿದ್ದು 858 ಪಂದ್ಯ.

ಬ್ಯೂನಸ್ ಐರಿಸ್‌ನ ಗಾರೆ ಕೆಲಸದವರ ಮಗ ಅವರು. ಮೈಕಟ್ಟು ಸಾಲದು ಎಂದು ಇಂಡಿಪೆಂಡಿಯೆಂಟೆ ಕ್ಲಬ್ ಬೇಡವೆಂದಾಗ ಹುಡುಗ ಅಪ್ಪನ ಜೊತೆ ಇಟ್ಟಿಗೆ ಹೊತ್ತ, ಮನೆಮನೆಗೆ ಹಾಲು ಹಾಕಿದ. ಎರಡನೇ ದರ್ಜೆಯ ತಾಯೆರೆಸ್, ಆಮೇಲೆ ಬಾನ್‌ಫೀಲ್ಡ್, ಅಲ್ಲಿಂದ ಮಿಲಾನ್. ಓಟ ನಿಲ್ಲಿಸದ ಆ ಕಾಲುಗಳಿಗೆ ಜನ ಕೊಟ್ಟ ಹೆಸರು 'ಟ್ರ್ಯಾಕ್ಟರ್'.

ಹೊರದೇಶಕ್ಕೆ ಹೋದ ಆಟಗಾರ ಗೆಲ್ಲುವ ತಂಡವನ್ನು ಅರಸಿ ಕ್ಲಬ್ ಬದಲಿಸುವುದು ರೂಢಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಜಾನೆಟ್ಟಿ ಕಾದರು. 1998ರಲ್ಲಿ ಯುಇಎಫ್‌ಎ ಕಪ್ ಬಂತು. ಪ್ಯಾರಿಸ್‌ನ ಫೈನಲ್‌ನಲ್ಲಿ ಅವರದೂ ಒಂದು ಗೋಲು. ಲೀಗ್ ಪ್ರಶಸ್ತಿ ಮಾತ್ರ ದಕ್ಕಲಿಲ್ಲ. 2002ರ ಮೇ 5ರಂದು, ಅಂಕಪಟ್ಟಿಯ ಮೇಲ್ತುದಿಯಲ್ಲಿದ್ದ ಇಂಟರ್ ಕೊನೆಯ ಪಂದ್ಯದಲ್ಲಿ ಲಾಜಿಯೊಗೆ 4-2ರಿಂದ ಸೋತು ಮೂರನೇ ಸ್ಥಾನಕ್ಕೆ ಕುಸಿಯಿತು. ಆ ಪೆಟ್ಟಿನ ನಂತರ ತಂಡದ ಬ್ರೆಜಿಲ್ ಆಟಗಾರ ರೊನಾಲ್ಡೊ ರಿಯಲ್ ಮ್ಯಾಡ್ರಿಡ್ ಸೇರಿದರು. ಜಾನೆಟ್ಟಿ ಉಳಿದರು. ಮುಂದೆ ಐದು ಲೀಗ್ ಪ್ರಶಸ್ತಿ ಬಂದವು. ಅಷ್ಟೂ ವರ್ಷ ರಕ್ಷಣೆಯ ಹೊಣೆ ಹೊತ್ತವರಿಗೆ ಕೆಂಪು ಕಾರ್ಡ್ ಬಿದ್ದದ್ದು ಎರಡೇ ಸಲ. ಡಿಫೆಂಡರ್ ಒಬ್ಬನ ಯೋಗ್ಯತೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಕಾಣುವುದಿಲ್ಲ.

2010ರಲ್ಲಿ ಹೊಸೆ ಮೊರಿನ್ಯೊ ಕೋಚ್ ಆಗಿದ್ದಾಗ ಇಂಟರ್ ಲೀಗ್, ಇಟಲಿ ಕಪ್ ಮತ್ತು ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು. ಇಟಲಿಯ ಬೇರಾವ ಕ್ಲಬ್ಬೂ ಅದುವರೆಗೆ ಒಂದೇ ಋತುವಿನಲ್ಲಿ ಇದನ್ನು ಸಾಧಿಸಿರಲಿಲ್ಲ. ಮೇ 22ರಂದು ಮ್ಯಾಡ್ರಿಡ್‌ನಲ್ಲಿ ಚಾಂಪಿಯನ್ಸ್ ಲೀಗ್ ಕಪ್ ಎತ್ತಿದ ನಾಯಕ ಜಾನೆಟ್ಟಿಗೆ ಆಗ 36 ವರ್ಷ.

ಅದೇ ತಿಂಗಳು ಅರ್ಜೆಂಟೀನಾ ಕೋಚ್ ಡಿಯೆಗೊ ಮರಡೋನಾ ವಿಶ್ವಕಪ್‌ಗೆ ಪ್ರಕಟಿಸಿದ ಪಟ್ಟಿಯಲ್ಲಿ ಜಾನೆಟ್ಟಿ ಹೆಸರಿರಲಿಲ್ಲ. 2006ರಲ್ಲಿ ಆಗಿನ ಕೋಚ್ ಪೆಕರ್‌ಮನ್ ಕೂಡ ಅವರನ್ನು ಬಿಟ್ಟಿದ್ದರು. ದೇಶಕ್ಕಾಗಿ 140ಕ್ಕೂ ಹೆಚ್ಚು ಪಂದ್ಯ ಆಡಿದವರು! ದಕ್ಷಿಣ ಆಫ್ರಿಕಾದ ಆ ವಿಶ್ವಕಪ್‌ನ ಆರಂಭದ ಪಂದ್ಯಗಳಲ್ಲಿ ಮರಡೋನಾ ಮಿಡ್‌ಫೀಲ್ಡರ್ ಹೊನಾಸ್ ಗುಟಿಯೆರೆಸ್ ಅವರನ್ನು ರೈಟ್ ಬ್ಯಾಕ್ ಜಾಗಕ್ಕೆ ಇಳಿಸಿದರು; ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿ ನಾಲ್ಕು ಗೋಲು ಹೊಡೆಯಿತು. ಜಾನೆಟ್ಟಿ ಇದ್ದಿದ್ದರೆ ಗೆಲ್ಲುತ್ತಿದ್ದರೋ ಇಲ್ಲವೋ, ಹೇಳಲಾಗದು. ಆದರೆ ಅವರನ್ನು ಮನೆಯಲ್ಲಿ ಬಿಟ್ಟದ್ದು ಅನ್ಯಾಯವೇ.

2013ರ ಏಪ್ರಿಲ್‌ನಲ್ಲಿ ಪಲೆರ್ಮೊದಲ್ಲಿ ಆಡುವಾಗ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. 39ನೇ ವಯಸ್ಸಿನಲ್ಲಿ ಇನ್ನೇನು ಮುಗಿಯಿತು ಎನ್ನುವಂಥ ಗಾಯ. ನವೆಂಬರ್‌ನಲ್ಲಿ ಮತ್ತೆ ಮೈದಾನಕ್ಕಿಳಿದರು, ಋತು ಮುಗಿಸಿಯೇ ವಿದಾಯ ಹೇಳಿದರು. ಅವರ 4ನೇ ನಂಬರಿನ ಅಂಗಿಯನ್ನು ಇಂಟರ್ ಇನ್ನಾರಿಗೂ ಕೊಡದೆ ತೆಗೆದಿಟ್ಟಿತು, ಅವರನ್ನು ಕ್ಲಬ್‌ನ ಉಪಾಧ್ಯಕ್ಷರನ್ನಾಗಿ ಮಾಡಿತು.

ಗೋಲುಗಳ ತುಣುಕು ವಿಡಿಯೊಗಳಲ್ಲಿ ಇಂಥವರ ಆಟ ಸಿಗುವುದಿಲ್ಲ. 2010ರ ಏಪ್ರಿಲ್ 28ರ ಬಾರ್ಸಿಲೋನಾ ವಿರುದ್ಧದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ನೋಡಿ. ತಂಡದ ಥಿಯಾಗೊ ಮೊಟ್ಟಾ 28ನೇ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದು ಹೊರಬಿದ್ದ ಮೇಲೆ ಇಂಟರ್ ಹತ್ತೇ ಜನರೊಂದಿಗೆ ಕ್ಯಾಂಪ್ ನೌನಲ್ಲಿ ಒಂದು ಗಂಟೆ ಕಾಲ ತಡೆದು ನಿಂತಿತು. 1-0ರಿಂದ ಸೋತರೂ ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ 3-2ರಿಂದ ಫೈನಲ್ ತಲುಪಿತು. ಮೆಸ್ಸಿ ಆಡುತ್ತಿದ್ದ ಕಡೆಯನ್ನು ಎಡ ಬ್ಯಾಕ್ ಆಗಿ ಕಾಯುತ್ತಿದ್ದವರು ಜಾನೆಟ್ಟಿ. ರಕ್ಷಣೆಯ ಆಟ ಕಲಿಯುತ್ತಿರುವ ಹುಡುಗ ಹುಡುಗಿಯರು ಚೆಂಡನ್ನು ಮರೆತು, ಆ ತೊಂಬತ್ತು ನಿಮಿಷ ಅವರ ಕಾಲುಗಳನ್ನಷ್ಟೇ ನೋಡಬೇಕು.