ತಂತ್ರಾಂಶದ ತೊಡಕು ಎಲ್ಲಿ ಹುಟ್ಟುತ್ತದೆ?

ಚಿಂತಾಮಣಿಯ ರೈತನೊಬ್ಬನು ಪಹಣಿಯನ್ನು ಕೇಳಿದರೆ ಗಣಕಯಂತ್ರವು ಅದನ್ನು ಕೆಲವೇ ನಿಮಿಷಗಳಲ್ಲಿ ಅಚ್ಚುಮಾಡಿ ಕೊಡುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರನ ಹೆಸರು, ಬೆಳೆ, ಸಾಲ ಮುಂತಾದ ವಿವರಗಳು ಅದರಲ್ಲಿರುತ್ತವೆ. ನೋಡುವುದಕ್ಕೆ ಇಷ್ಟು ಸರಳವಾದ ಹಾಳೆಯನ್ನು ಸಿದ್ಧಪಡಿಸುವ ತಂತ್ರಾಂಶವು ತೊಡಕಿನದಾಗುವುದೇಕೆ? ಕರ್ನಾಟಕದ ‘ಭೂಮಿ’ ಯೋಜನೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ವಿಚಾರಿಸೋಣ. 2000ದ ಸುಮಾರಿಗೆ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ಕೈಗೊಂಡ ಈ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕೈಬರಹದ ಪುಸ್ತಕಗಳಿಂದ ಗಣಕಯಂತ್ರಕ್ಕೆ ಏರಿಸಿತು.

ಅಮೆರಿಕದ ಗಣಕಶಾಸ್ತ್ರಜ್ಞ ಫ್ರೆಡರಿಕ್ ಬ್ರೂಕ್ಸ್ ಅವರು 1986ರಲ್ಲಿ ತೊಡಕುಗಳನ್ನು ಎರಡಾಗಿ ವಿಂಗಡಿಸಿದರು. ಉಪಕರಣಗಳ ಕುಂದಿನಿಂದ ಬರುವುದು ಆಗಂತುಕವಾದುದು. ಕಾರ್ಯದ ಸ್ವಭಾವದಲ್ಲಿಯೇ ಅಡಗಿರುವುದು ಸಹಜವಾದುದು. ಉತ್ತಮ ಯಂತ್ರವು ದೊರೆತರೆ ಮೊದಲನೆಯದು ತಗ್ಗೀತು, ಎರಡನೆಯದು ತಗ್ಗದು.

ಅಳತೆಯನ್ನೇ ನೋಡಿರಿ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಗೌರಿಬಿದನೂರಿನ ರೈತನೊಬ್ಬನ 1 ಎಕರೆ 30 ಗುಂಟೆಗೆ ಇನ್ನು 25 ಗುಂಟೆ ಸೇರಿದರೆ 2 ಎಕರೆ 15 ಗುಂಟೆಯಾಗುತ್ತದೆ. ಇದನ್ನು ದಶಾಂಶವೆಂದು ತಿಳಿದು 1.30ಕ್ಕೆ 0.25 ಕೂಡಿಸುವ ತಂತ್ರಾಂಶವು 1.55 ಎನ್ನುವುದು. ಯಂತ್ರದ ಕೂಡಿಕೆ ಸರಿಯಾಗಿಯೇ ಇದೆ. ಆದರೆ ಹೊಲದ ಲೆಕ್ಕ ಕೆಟ್ಟಿತು.

ಇನ್ನು ನಿಯಮಗಳ ಹೆಣಿಗೆ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟವೊಂದು ಮಾರಾಟವಾದರೆ ನೋಂದಣಿಯ ‘ಕಾವೇರಿ’ ತಂತ್ರಾಂಶದಿಂದ ‘ಭೂಮಿ’ಗೆ ವಿಷಯ ತಲಪಬೇಕು, ನೋಟೀಸು ಹೊರಡಬೇಕು, ಆಕ್ಷೇಪಣೆಯ ಅವಧಿ ಕಳೆಯಬೇಕು, ಅನಂತರ ಖಾತೆ ಬದಲಾಗಬೇಕು. ಅದೇ ಜಮೀನಿನ ಮೇಲೆ ಬ್ಯಾಂಕಿನ ಸಾಲವೂ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವೂ ಇರಬಹುದು. ಹೌದು ಅಥವಾ ಅಲ್ಲ ಎಂಬ ಉತ್ತರವುಳ್ಳ 10 ಪ್ರಶ್ನೆಗಳಿದ್ದರೂ ಸಾಕು, ಒಟ್ಟು 1,024 ಸಂದರ್ಭಗಳು ಸಾಧ್ಯವಾಗುತ್ತವೆ.

ಲೋಕವಾದರೂ ನಿಂತಲ್ಲಿ ನಿಲ್ಲುವುದಿಲ್ಲ. ‘ಭೂಮಿ’ ಬಂದಾಗ ಈ ತಾಲ್ಲೂಕುಗಳು ಕೋಲಾರ ಜಿಲ್ಲೆಗೆ ಸೇರಿದ್ದವು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ನೆಲ ಕದಲದಿದ್ದರೂ ಅದರ ವಿಳಾಸ ಬದಲಾಯಿತು. ಇಂತಹ ಬದಲಾವಣೆಯನ್ನು ಒಂದು ಕಡತದಲ್ಲಿ ತಿದ್ದಿದರೆ ಸಾಲದು. ಆ ವಿಳಾಸವನ್ನು ಅವಲಂಬಿಸಿದ ಪ್ರತಿಯೊಂದು ತಂತ್ರಾಂಶವೂ ಅದನ್ನು ಅರಿಯಬೇಕು.

ಕೆಲಸಗಾರರನ್ನು ಹೆಚ್ಚಿಸಿದರೆ ತೊಡಕು ತೀರದೆ? ಇಲ್ಲ. 5 ಮಂದಿಯ ನಡುವೆ ಮಾತುಕತೆಯ ಜೋಡಿಗಳು 10. 10 ಮಂದಿಯ ನಡುವೆ 45. ಆದುದರಿಂದಲೇ, ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುವುದೆಂದು ಬ್ರೂಕ್ಸ್ ಅವರು 1975ರಲ್ಲಿಯೇ ಎಚ್ಚರಿಸಿದ್ದರು.

ಪಹಣಿಯಲ್ಲಿ ಒಂದು ಹೆಸರು ತಪ್ಪಿದರೆ ರೈತನ ಬೆಳೆಸಾಲ ನಿಲ್ಲಬಹುದು, ಮಾರಾಟ ಮುರಿಯಬಹುದು. ಹೀಗಿರುವಲ್ಲಿ ಸಹಜವಾದ ತೊಡಕನ್ನು ಇಲ್ಲವೆಂದು ಬಗೆಯುವುದು ಅಪಾಯಕರ. ಕೆಲಸವನ್ನು ಸಣ್ಣ ಭಾಗಗಳಾಗಿ ವಿಂಗಡಿಸಬೇಕು. ಊರಿನ ಲೆಕ್ಕವನ್ನು ಬಲ್ಲವರನ್ನು ಮೊದಲು ಕೇಳಬೇಕು. ಈಗಾಗಲೇ ಇತ್ಯರ್ಥವಾದ ಹಳೆಯ ಪ್ರಕರಣಗಳನ್ನು ಹೊಸ ತಂತ್ರಾಂಶಕ್ಕೆ ಒಡ್ಡಿ, ಅದೇ ಉತ್ತರ ಬರುವುದೇ ಎಂದು ಪರೀಕ್ಷಿಸಬೇಕು. ಹೀಗೆ ಮಾಡಿದರೆ ತೊಡಕು ಮಾಯವಾಗುವುದಿಲ್ಲ. ಆದರೆ ಅದರ ಭಾರ ರೈತನ ತಲೆಯ ಮೇಲೆ ಬೀಳುವುದು ತಪ್ಪುತ್ತದೆ.