ಸ್ವಪ್ನವಾಸವದತ್ತದಲ್ಲಿ ಕಾರ್ಯಾರ್ಥವಿವಾಹ

ಗಣಪತಿಶಾಸ್ತ್ರಿಗಳು 1912ರಲ್ಲಿ ತಿರುವನಂತಪುರದಿಂದ ಪ್ರಕಟಿಸಿ ಭಾಸಕೃತವೆಂದು ಪ್ರತಿಪಾದಿಸಿದ ‘ಸ್ವಪ್ನವಾಸವದತ್ತ’ ನಾಟಕದಲ್ಲಿ ಪದ್ಮಾವತೀಪರಿಣಯಕ್ಕೆ ರಾಜಕಾರ್ಯವೇ ಮೂಲವು. ಆರುಣಿಯು ಆಕ್ರಮಿಸಿದ ವತ್ಸರಾಜ್ಯವನ್ನು ಮರಳಿ ಪಡೆಯಲು ಮಗಧದ ನೆರವು ಬೇಕಾಗಿತ್ತು. ಅದಕ್ಕಾಗಿ ಉದಯನನು ಮಗಧರಾಜ ದರ್ಶಕನ ಸೋದರಿಯಾದ ಪದ್ಮಾವತಿಯನ್ನು ವರಿಸಬೇಕಾಗಿತ್ತು. ಆದರೆ ಅವನ ಮನಸ್ಸು ವಾಸವದತ್ತೆಯಲ್ಲಿ ನೆಟ್ಟಿತ್ತು. ಆದುದರಿಂದ ಮಂತ್ರಿ ಯೌಗಂಧರಾಯಣನು, ರಾಣಿಯು ಲಾವಾಣಕದ ಬೆಂಕಿಯಲ್ಲಿ ಮಡಿದಳೆಂದು ಸುದ್ದಿ ಹಬ್ಬಿಸಿ, ಆಕೆಯನ್ನು ಅವಂತಿಕೆಯೆಂಬ ಹೆಸರಿನಿಂದ ಪದ್ಮಾವತಿಯಲ್ಲಿಯೇ ನ್ಯಾಸವಾಗಿಟ್ಟನು.

ಈ ಗುಟ್ಟನ್ನು ರಾಜನೂ ಪದ್ಮಾವತಿಯೂ ಅರಿಯರು. ಪ್ರೇಕ್ಷಕರು ಮೊದಲಿನಿಂದಲೂ ಬಲ್ಲರು. ಆದಕಾರಣ ರಾಣಿಯು ಇದನ್ನು ಹೇಗೆ ಸಹಿಸಿಯಾಳೆಂಬುದೇ ಅವರ ಕುತೂಹಲವು. ಮೂರನೆಯ ಅಂಕದಲ್ಲಿ ಪತಿಯ ಮರುಮದುವೆಯ ಮಾಲೆಯನ್ನು ವಾಸವದತ್ತೆಯೇ ಕಟ್ಟುತ್ತಾಳೆ. ವೈಧವ್ಯವನ್ನು ತಡೆಯುವ ಮೂಲಿಕೆಯನ್ನು ತನಗೂ ಪದ್ಮಾವತಿಗೂ ಆಗಲೆಂದು ಹೆಚ್ಚಾಗಿ ಸೇರಿಸುತ್ತಾಳೆ. ಸವತಿಯನ್ನು ಅಡಗಿಸುವ ಮೂಲಿಕೆಯನ್ನಾದರೋ, ವರನ ಪತ್ನಿಯು ತೀರಿಹೋಗಿರುವುದರಿಂದ ಬೇಡವೆಂದು ಬಿಡುತ್ತಾಳೆ. ತನ್ನ ಮರಣವಾರ್ತೆಯನ್ನು ತಾನೇ ದೃಢಪಡಿಸುತ್ತಾಳೆ.

ನಾಲ್ಕನೆಯ ಅಂಕದಲ್ಲಿ, ಪದ್ಮಾವತಿಯು ಮಾನ್ಯಳಾದರೂ ತನ್ನ ಚಿತ್ತವು ವಾಸವದತ್ತೆಯಲ್ಲಿಯೇ ಬಂಧಿತವಾಗಿದೆಯೆಂದು ರಾಜನು ವಿದೂಷಕನಿಗೆ ಹೇಳುವುದನ್ನು ಆಕೆಯು ಮರೆಯಲ್ಲಿದ್ದು ಕೇಳಿ, ತನ್ನ ಕ್ಲೇಶಕ್ಕೆ ವೇತನವು ಸಂದಿತೆಂದುಕೊಳ್ಳುತ್ತಾಳೆ. ಅದೇ ಮಾತನ್ನು ನವವಧುವೂ ಕೇಳಿದಳು. ಆರನೆಯ ಅಂಕದಲ್ಲಿ ಉಜ್ಜಯಿನಿಯಿಂದ ಬಂದ ಚಿತ್ರಪಟದಿಂದ ಗುಟ್ಟು ಬಯಲಾಗಿ, ರಾಜನಿಗೆ ರಾಣಿಯು ಮರಳಿ ದೊರೆಯುವಳು. ಮಂತ್ರಿಯ ನೀತಿಯು ಫಲಿಸಿತು. ಅದರ ಭಾರವನ್ನು ಹೊತ್ತವರು ಇಬ್ಬರು ರಾಣಿಯರು.